ಏರಿಯ ಮೇಲೆ ಬೈಸಿಕಲ್ಲು

ಕೋಲಾರದ ಸೀಮೆಯು ಸಮತಟ್ಟಾದ ನೆಲವೆಂದು ಹೇಳುವವರು ಅದನ್ನು ಮೋಟಾರಿನಲ್ಲಿ ಕುಳಿತು ನೋಡಿದವರು. ಮುಳಬಾಗಿಲಿನ ಹೆದ್ದಾರಿಯಲ್ಲಿ ವೇಗವಾಗಿ ಸಾಗುವವನಿಗೆ ದೂರದಲ್ಲಿ ನಾಲ್ಕು ಬಂಡೆಬೆಟ್ಟಗಳು, ಅವುಗಳ ನಡುವೆ ಚಾಪೆ ಹಾಸಿದಂತಹ ಬಯಲು, ಇಷ್ಟೇ ಕಾಣುವುದು. ಬೈಸಿಕಲ್ಲಿನವನಿಗೆ ಹಾಗಲ್ಲ. ಕಣ್ಣಿಗೆ ಬೀಳದ ಏರನ್ನು ಅವನ ಮೊಣಕಾಲು ಮೊದಲು ಕಂಡುಹಿಡಿಯುವುದು. ತುಳಿಯದೆಯೇ ಚಕ್ರ ಉರುಳತೊಡಗಿತೆಂದರೆ ಮುಂದೆ ಎಲ್ಲಿಯೋ ಒಂದು ಕೆರೆಯಿದೆಯೆಂದು ತಿಳಿಯಬಹುದು. ನಮ್ಮ ಹಿರಿಯರು ಕೆರೆಗಳಿಗೆ ಸ್ಥಳ ಗೊತ್ತುಮಾಡಿದುದೂ ಈ ಇಳಿಜಾರನ್ನು ಅನುಸರಿಸಿಯೇ.

ನನಗೆ ಅರುವತ್ತು ತುಂಬಿದ ಮೇಲೆ ಭಾನುವಾರದ ಬೆಳಗು ಬೈಸಿಕಲ್ಲಿಗೆ ಮೀಸಲಾಗಿದೆ. ಜೊತೆಗೆ ಬರುವವನು ತಂಗಿಯ ಮಗ. ನನ್ನದು ಕರಿಯ ಬಣ್ಣದ ಹಳೆಯ ಗಾಡಿ. ಅವನದು ಜಲ್ಲಿದಾರಿಗೆಂದೇ ಮಾಡಿದ ಹೊಸ ಬಗೆಯದು. ಅದರ ಹಿಡಿ ಟಗರಿನ ಕೊಂಬಿನಂತೆ ಬಾಗಿದೆ. ಟೈರು ದಪ್ಪನಾಗಿ ಹಲ್ಲುಹಲ್ಲಾಗಿದೆ. ಹಾಲೆಂಡ್ ದೇಶದಲ್ಲಿ ಕಾಲುವೆಗಳ ದಡದ ಮೇಲೆ ಜನರು ಇಂತಹ ಸವಾರಿ ಮಾಡುವರೆಂದು ಅವನು ಚಿತ್ರಗಳನ್ನು ತೋರಿಸಿದನು. “ಅವರು ಕಟ್ಟೆ ಕಟ್ಟಿದುದು ಸಮುದ್ರದ ನೀರನ್ನು ಹೊರಗಿಡುವುದಕ್ಕೆ, ನಾವು ಕಟ್ಟಿದುದು ಮಳೆಯ ನೀರನ್ನು ಒಳಗಿಟ್ಟುಕೊಳ್ಳುವುದಕ್ಕೆ” ಎಂದು ನಾನು ಹೇಳಿದೆನು. ಸವಾರಿಗೇನೋ ಎರಡೂ ಒಂದೇ. ಮಾಲೂರಿನ ಕಡೆಗೆ ಹೋದರೆ ಇಟ್ಟಿಗೆ ಹೆಂಚುಗಳ ಗೂಡುಗಳು, ಶ್ರೀನಿವಾಸಪುರದ ಕಡೆಗೆ ಮಾವಿನ ತೋಪುಗಳು, ಮುಳಬಾಗಿಲಿನ ಕಡೆಗೆ ಬಂಡೆಗಳ ನೆರಳು. ಎಲ್ಲಿಗೆ ಹೋದರೂ ಒಂದಲ್ಲ ಒಂದು ಕೆರೆಯ ಏರಿಯನ್ನು ಹತ್ತಿ ಇಳಿಯದೆ ದಾರಿಯಿಲ್ಲ.

ಇದಕ್ಕೆ ಕಾರಣವಿದೆ. ಈ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರು, ದಕ್ಷಿಣ ಪಿನಾಕಿನಿ, ಪಾಪಘ್ನಿ ಎಂಬ ಹೆಸರುಗಳು ದೊಡ್ಡವು. ಆದರೆ ಇಲ್ಲಿ ಅವು ಮಳೆ ಬಂದಾಗ ಮಾತ್ರ ಮೈದುಂಬುವ ಹಳ್ಳಗಳು. ವರ್ಷಕ್ಕೆ ಸುಮಾರು ೭೦೦ ಮಿಲಿಮೀಟರ್ ಮಳೆ. ಅದೂ ಕೆಲವೇ ದಿನಗಳಲ್ಲಿ ಸುರಿದು ಮುಗಿಯುವುದು. ಆದುದರಿಂದ ಹಿಂದಿನವರು ಹಳ್ಳಕ್ಕೆ ಅಡ್ಡಲಾಗಿ ಏರಿಯನ್ನು ಹಾಕಿ, ತೂಬಿನಿಂದ ಗದ್ದೆಗಳಿಗೆ ನೀರು ಬಿಟ್ಟು, ಹೆಚ್ಚಾದುದು ಕೋಡಿ ಬಿದ್ದು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಹೋಗುವಂತೆ ಏರ್ಪಡಿಸಿದರು. ನೀರನ್ನು ಹಂಚುವುದಕ್ಕೆ ನೀರುಗಂಟಿಯಿದ್ದನು. ಲೂಯಿ ರೈಸ್ ಅವರು ೧೯೦೫ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನಸಂಪುಟವನ್ನು ತೆರೆದು ನೋಡಿದರೆ, ಕೆರೆ ಕಟ್ಟಿಸಿದುದಕ್ಕೂ ಅದರ ರಕ್ಷಣೆಗೂ ಭೂಮಿ ಬಿಟ್ಟ ಸಂಗತಿಗಳು ಮತ್ತೆ ಮತ್ತೆ ಕಾಣಬರುವುವು. ಕೆರೆಯನ್ನು ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದು; ಮಗನನ್ನು ಪಡೆದಷ್ಟೇ ಪುಣ್ಯವೆಂದು ಅವರು ನಂಬಿದ್ದರು.

ನಮ್ಮ ಕಾಲದಲ್ಲಿ ಈ ಕೆರೆಗಳು ಒಣಗಿದುವು. ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಆಳಕ್ಕೆ ಇಳಿದುವು. ಕೆರೆಯ ಅಂಗಳದಲ್ಲಿ ಜಾಲಿ ಬೆಳೆಯಿತು. ಹೊಲಗಳಲ್ಲಿ ನೀಲಗಿರಿ ಬೆಳೆಯಿತು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರವು ೨೦೧೭ರಲ್ಲಿ ನಿಷೇಧಿಸಿತು. ಮರುವರ್ಷ, ೨೦೧೮ರ ಜೂನಿನಲ್ಲಿ, ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಶುದ್ಧಿಮಾಡಿ ಪೈಪಿನ ಮೂಲಕ ಲಕ್ಷ್ಮೀಸಾಗರದ ಕೆರೆಗೆ ತಂದರು. ದಿನಕ್ಕೆ ೪೪ ಕೋಟಿ ಲೀಟರಿನಂತೆ ೧೨೬ ಕೆರೆಗಳನ್ನು ತುಂಬಿಸುವುದು ಯೋಜನೆಯ ಗುರಿ. ನೊರೆ ಕಾಣಿಸಿಕೊಂಡಿತು, ವ್ಯಾಜ್ಯ ಹೂಡಿದರು, ತಡೆಯಾಜ್ಞೆಗಳಾಗಿ ೨೦೧೯ರಲ್ಲಿ ಮತ್ತೆ ಹರಿಯಿತು. ಇನ್ನೊಂದು ಹಂತದ ಶುದ್ಧೀಕರಣ ಬೇಕೆಂಬ ಕೂಗು ನ್ಯಾಯವಾದುದೇ. ಈ ನೀರು ಕುಡಿಯುವುದಕ್ಕಲ್ಲ, ಅಂತರ್ಜಲ ಏರಲೆಂದು ಮಾತ್ರ. ೨೦೨೧ರ ನವೆಂಬರಿನ ಮಳೆಗೆ ಎಷ್ಟೋ ಕೆರೆಗಳು ಬಹುಕಾಲದ ಮೇಲೆ ಕೋಡಿ ಬಿದ್ದುವು. ಆಗ ಜನರು ಬುತ್ತಿ ಕಟ್ಟಿಕೊಂಡು ಕೋಡಿಯನ್ನು ನೋಡಲು ಹೋದರು.

ಇಷ್ಟನ್ನು ಹೇಳಿದುದು ನಮ್ಮ ಮನೆಯ ಒಂದು ಸಂಗತಿಯನ್ನು ತಿಳಿಸುವುದಕ್ಕಾಗಿ. ಕೋಲಾರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನನಗೂ ತಂಗಿಗೂ ಸೇರಿದ ಎರಡೆಕರೆ ಹೊಲವಿದೆ. ತಂಗಿಯ ಮಗಳಿಗೆ ಮದುವೆ ಗೊತ್ತಾಗಿದ್ದುದರಿಂದ ಅದನ್ನು ಮಾರಬೇಕಾಯಿತು. ಮನೆಗಳ ನಿವೇಶನ ಮಾಡುವ ಒಬ್ಬರು ಒಳ್ಳೆಯ ಬೆಲೆಗೆ ಒಪ್ಪಿದರು. ಆದರೆ ಹೊಲದ ನಡುವೆ ಹಾದುಹೋಗುವ ಕಾಲುವೆಯನ್ನು ಪತ್ರವಾಗುವ ಮೊದಲು ನಾವೇ ಮುಚ್ಚಿಸಿ ಸಮಮಾಡಿಕೊಡಬೇಕೆಂದರು. ಗ್ರಾಮದ ನಕ್ಷೆಯಲ್ಲಿ ಅದು ಸರ್ಕಾರದ ಖರಾಬು, ನಮ್ಮದಲ್ಲ. ಇದನ್ನು ಹೇಳಿದಾಗ ಅವರು ನಕ್ಕು, “ಇಪ್ಪತ್ತು ವರ್ಷ ಒಣಗಿದ್ದ ಹಳ್ಳವನ್ನು ಯಾರು ಕೇಳುತ್ತಾರೆ ಸ್ವಾಮಿ? ಈಗ ನೀರು ಪೈಪಿನಲ್ಲಿ ಬರುತ್ತದಲ್ಲ” ಎಂದರು.

ಆ ಭಾನುವಾರ ನಾನು ತಂಗಿಯ ಮಗನನ್ನು ಕರೆದುಕೊಂಡು ಆ ಕಾಲುವೆಯ ಜಾಡನ್ನೇ ಹಿಡಿದೆನು. ಮೇಲಿನ ಕೆರೆಯ ಕೋಡಿಯ ಬಳಿಯಿಂದ ಹೊರಟೆವು. ಏರಿಯ ಮೇಲಿನ ದಾರಿ ಕೆಂಪು ಜಲ್ಲಿಯದು. ಒಂದು ಪಕ್ಕದಲ್ಲಿ ನೀರು, ಅದರಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು. ಇನ್ನೊಂದು ಪಕ್ಕದಲ್ಲಿ ಅಚ್ಚುಕಟ್ಟು. ಅಲ್ಲಿಂದ ಕೆಳಗೆ ಕಾಲುವೆಯು ಒಂದೆಡೆ ಎರಡಾಳಿನಷ್ಟು ಅಗಲವಾಗಿ, ಒಂದೆಡೆ ಮೊಳದಷ್ಟಕ್ಕೆ ಇಳಿದು, ಮತ್ತೊಂದೆಡೆ ಕೋಳಿಯ ಫಾರಮ್ಮಿನ ಗೋಡೆಯ ಕೆಳಗೆ ಮರೆಯಾಗಿ ಹೋಗುತ್ತಿತ್ತು. ಹುಡುಗನು ಫೋನಿನ ನಕ್ಷೆಯನ್ನು ನೋಡಿ, “ಮಾವ, ಇದರಲ್ಲಿ ಕಾಲುವೆಯೇ ಇಲ್ಲ” ಎಂದನು. “ತುಳಿಯುವುದನ್ನು ನಿಲ್ಲಿಸಿ ನೋಡು” ಎಂದೆನು. ಗಾಡಿಗಳು ತಾವಾಗಿಯೇ ಮೆಲ್ಲನೆ ಉರುಳುತ್ತಿದ್ದುವು. ನಮ್ಮ ಹೊಲವನ್ನು ದಾಟಿದ ಮೇಲೆಯೂ ಉರುಳುವುದು ನಿಲ್ಲಲಿಲ್ಲ. ಪೈಪಿನ ನೀರು ಬಂದು ಬೀಳುವುದು ಮೇಲಿನ ಕೆರೆಗೆ ಮಾತ್ರ. ಅಲ್ಲಿಂದ ಕೆಳಕ್ಕೆ ಅದೂ ಮಳೆಯ ನೀರಿನಂತೆ ಕೆರೆಯಿಂದ ಕೆರೆಗೆ ಈ ಹಳೆಯ ಕಾಲುವೆಗಳಲ್ಲಿಯೇ ಹರಿಯಬೇಕು. ನಡುವೆ ಒಂದು ಹೊಲದವನು ಮುಚ್ಚಿದರೆ ಕೆಳಗಿನ ಸರಣಿಯೆಲ್ಲ ಕಡಿದುಹೋಗುವುದು.

ಕೆಳಗಿನ ಕೆರೆಯ ತೂಬಿನ ಬಳಿ ಮುದುಕರೊಬ್ಬರು ಕುರಿಗಳಿಗೆ ನೀರು ಕುಡಿಸುತ್ತಿದ್ದರು. ಅವರ ತಾತ ಆ ಊರಿನ ನೀರುಗಂಟಿಯಾಗಿದ್ದನಂತೆ. ಯಾವ ಊರಿನವರೆಂದು ನಮ್ಮನ್ನು ಕೇಳಿದರು. ಹೇಳಿದೆವು.

“ಓಹೋ, ನಮ್ಮ ನೀರಿನವರು! ಬನ್ನಿ, ಕುಳಿತುಕೊಳ್ಳಿ” ಎಂದರು.

ನಮ್ಮ ಜಾತಿಯವರು, ನಮ್ಮ ಕಡೆಯವರು ಎನ್ನುವುದನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ನಮ್ಮ ನೀರಿನವರು ಎಂಬ ನಂಟನ್ನು ಕೇಳಿದುದು ಅದೇ ಮೊದಲು.

ಮನೆಗೆ ಬಂದು ತಂಗಿಗೆ ಎಲ್ಲವನ್ನೂ ಹೇಳಿದೆನು. ನಿರ್ಣಯವನ್ನು ಅವಳಿಗೇ ಬಿಟ್ಟೆನು. ಹಣ ಬೇಕಾಗಿದ್ದುದು ಅವಳಿಗೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಣ್ಣ, ನಮ್ಮ ಸೋದರತ್ತೆಯನ್ನು ಕೊಟ್ಟಿದ್ದುದು ಆ ಕೆಳಗಿನ ಊರಿಗೇ ಅಲ್ಲವೆ? ಹೆಣ್ಣು ಕೊಟ್ಟ ಊರಿಗೆ ನೀರು ಬೇಡವೆನ್ನುವುದು ಹೇಗೆ?” ಎಂದಳು. ನಿವೇಶನದವರು ಕಾಲುವೆ ಉಳಿಯುವುದಾದರೆ ನಮಗೆ ಬೇಡವೆಂದು ಹಿಂದೆ ಸರಿದರು. ಪಕ್ಕದ ಹೊಲದ ರೈತನು ಕಾಲುವೆಯನ್ನು ಇದ್ದ ಹಾಗೆಯೇ ಇರಿಸಿ ಕೊಂಡುಕೊಂಡನು. ಬೆಲೆ ಬಹಳ ಕಡಮೆಯಾಯಿತು. ಮದುವೆಯು ಛತ್ರದಲ್ಲಿ ನಡೆಯುವುದಕ್ಕೆ ಬದಲಾಗಿ ಮನೆಯ ಮುಂದಿನ ಚಪ್ಪರದಲ್ಲಿ ನಡೆಯಿತು. ಬೀಗರಲ್ಲಿ ಕೆಲವರು ಗೊಣಗಿದರು, ಅದನ್ನು ಬಚ್ಚಿಡುವುದೇಕೆ? ಕೊರತೆಯು ಕೊರತೆಯೇ. ತಂಗಿಯು ಅದನ್ನು ತಿಳಿದೇ ಒಪ್ಪಿಕೊಂಡಳು.

ಈ ಬಯಲುನಾಡಿನ ಗೃಹಸ್ಥರಲ್ಲಿ ನನ್ನದೊಂದು ಬಿನ್ನಹ. ಹೊಲ ಕೊಳ್ಳುವಾಗಲೂ ಮಾರುವಾಗಲೂ ಪಹಣಿಯನ್ನು ಓದುವಿರಿ, ಬೆಲೆಯನ್ನು ವಿಚಾರಿಸುವಿರಿ. ಅದರ ಜೊತೆಗೆ ಒಂದು ಬೆಳಗ್ಗೆ ಮನೆಯ ಮಕ್ಕಳಲ್ಲಿ ಒಬ್ಬರನ್ನು ಕರೆದುಕೊಂಡು, ಬೈಸಿಕಲ್ಲು ಹತ್ತಿ, ಆ ಹೊಲಕ್ಕೆ ನೀರು ಯಾವ ಊರಿನಿಂದ ಬರುವುದು, ಯಾವ ಊರಿಗೆ ಹೋಗುವುದು ಎಂಬುದನ್ನು ನೋಡಿ ಬನ್ನಿರಿ. ಹೊಸ ಬಗೆಯ ಗಾಡಿಯೇ ಬೇಕೆಂಬುದಿಲ್ಲ. ಬ್ರೇಕು ಹಿಡಿಯುವುದಾದರೆ ಸಾಕು.