ಪ್ರಾರ್ಥನೆಯ ನಡಿಗೆ

ನಮ್ಮ ಪ್ರೌಢಶಾಲೆಯ ಬೆಳಗಿನ ಪ್ರಾರ್ಥನಾ ಗೀತೆಯನ್ನು ನನ್ನ ವಿದ್ಯಾರ್ಥಿಗಳಾದ ನೀವಾರೂ ಮರೆತಿರಲಾರಿರಿ. ಅದಕ್ಕೆ ರಾಗ ಹೊಂದಿಸಿದ ಸಂಗೀತದ ಮೇಷ್ಟರು ಇಂದು ನಮ್ಮೊಡನಿಲ್ಲ. ಅವರು ಅದನ್ನು ಎಲ್ಲಿಯೂ ಬರೆದಿಡಲಿಲ್ಲ; ಅದು ಮಕ್ಕಳ ಬಾಯಲ್ಲೇ ಉಳಿದುಬಂದಿತು.

ಪರದೇಶದಲ್ಲಿ ಪಿಟೀಲು ಕಲಿಯುತ್ತಿರುವ ಮೊಮ್ಮಗಳು ಕಳೆದ ಬೇಸಿಗೆಯಲ್ಲಿ ಆ ಗೀತೆಯನ್ನು ಮೂವರು ಗೆಳತಿಯರೊಡನೆ ನುಡಿಸಲು ಬಯಸಿದಳು. ಪಾಶ್ಚಾತ್ಯ ಸ್ವರಲಿಪಿಯ ಅಕ್ಷರಾಭ್ಯಾಸವನ್ನು ನನಗೆ ಮಾಡಿಸಿದವಳೂ ಅವಳೇ. ಕಂಪ್ಯೂಟರಿನಲ್ಲಿ ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶವನ್ನು ತೆರೆದು, ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊಗಳಿಗೆ ಸಾಲುಗಳನ್ನು ಬರೆಯಲು ಕುಳಿತೆ.

ಸ್ವರಗಳೇನೋ ಕುಳಿತವು. ಮೊದಲ ಸಾಲಿನ ನೆತ್ತಿಯಲ್ಲಿ 'ಆಂದಾಂತೆ' ಎಂದು ಇಟಾಲಿಯನ್ ಅಕ್ಷರಗಳಲ್ಲಿ ಬರೆದೆ. ನಡಿಗೆಯ ವೇಗ ಎಂಬುದು ಅದರ ಭಾವ. ಅಚ್ಚಾದ ಪುಸ್ತಕಗಳಲ್ಲಿರುವಂತೆ ಅಕ್ಷರವನ್ನು ದಪ್ಪಗೊಳಿಸಿ, ಗಾತ್ರ ಹಿಗ್ಗಿಸಿ, ತಾಳಚಿಹ್ನೆಯ ನೇರಕ್ಕೆ ಎಳೆದು ನಿಲ್ಲಿಸಿದೆ. ನೋಡಲು ಬಲು ಚೆನ್ನಾಗಿತ್ತು. ಆದರೆ ನುಡಿಸಲು ಹೇಳಿದಾಗ ಕಂಪ್ಯೂಟರು ಓಡತೊಡಗಿತು. ದೋಷ ಯಂತ್ರದ್ದೆಂದು ಬಗೆದು, ಕೇಳುವ ವೇಗವನ್ನು ತಗ್ಗಿಸಿಕೊಂಡು, ಹಾಳೆಗಳನ್ನು ಕಳುಹಿಸಿಬಿಟ್ಟೆ.

ವಾರ ಕಳೆದು ಧ್ವನಿಮುದ್ರಣ ಬಂದಿತು. ನಮ್ಮ ಪ್ರಾರ್ಥನೆ ಕವಾಯತಿನ ಹಾಡಾಗಿತ್ತು! "ಅಜ್ಜಾ, ನೀವೆಲ್ಲ ಇಷ್ಟು ಅವಸರದಲ್ಲಿ ಹಾಡುತ್ತಿದ್ದಿರಾ?" ಎಂದು ಮೊಮ್ಮಗಳು ಕೇಳಿದಳು. ಅಭ್ಯಾಸಕ್ಕೆಂದು ಅವರು ಕಂಪ್ಯೂಟರು ನುಡಿಸಿದ್ದನ್ನೇ ಕೇಳಿದ್ದರು. ಉಳಿದ ಮೂವರ ಹಾಳೆಗಳಲ್ಲಿ ವೇಗದ ಸೂಚನೆಯೇ ಇರಲಿಲ್ಲ.

ತಪ್ಪು ನನ್ನದೇ. ನಾನು ಬಳಸಿದ್ದು 'ಸ್ಟಾಫ್ ಟೆಕ್ಸ್ಟ್'. ಅದು ಒಂದು ವಾದ್ಯದ ಸಾಲಿಗೆ ಅಂಟಿದ ಬರಿಯ ಅಕ್ಷರ. ಅದಕ್ಕೆ ವೇಗದ ಅರಿವಿಲ್ಲ. ವೇಗವನ್ನು ಹೇಳದಿದ್ದರೆ ತಂತ್ರಾಂಶವು ನಿಮಿಷಕ್ಕೆ 120 ಎಣಿಕೆಯಂತೆ ನುಡಿಸುತ್ತದೆ. ಮೊದಲ ಸ್ವರವನ್ನು ಆರಿಸಿ ಆಲ್ಟ್, ಶಿಫ್ಟ್, ಟಿ ಕೀಲಿಗಳನ್ನು ಕೂಡಿ ಒತ್ತಿದರೆ ಬರುವ 'ಟೆಂಪೊ ಟೆಕ್ಸ್ಟ್' ಬೇರೆಯದೇ ಆದದ್ದು. ಅದು ತಾನಾಗಿ ದಪ್ಪಕ್ಷರ ತಾಳಿ, ಎಲ್ಲ ವಾದ್ಯಗಳ ಹಾಳೆಗೂ ಹೋಗುತ್ತದೆ. ಕಾಲು ಸ್ವರದ ಚಿಹ್ನೆಯ ಮುಂದೆ ಬರೆದ ಸಂಖ್ಯೆಯನ್ನು ಓದಿಕೊಂಡು ನಡೆಯುತ್ತದೆ. ದುಂಡಾದ ಕೈಬರಹಕ್ಕೆ ಮಾರುಹೋಗಿ ಅರ್ಥವಿಲ್ಲದ ಉತ್ತರಕ್ಕೂ ನಾನು ಎಷ್ಟು ಬಾರಿ ಅಂಕ ಕೊಟ್ಟಿರಬಹುದೋ!

ಆದರೆ ಯಾವ ಸಂಖ್ಯೆ ಬರೆಯಲಿ? ಮೇಲ್ಚೆಲ್ ಮೆಟ್ರೊನೋಮಿಗೆ ಹಕ್ಕುಪತ್ರ ಪಡೆದದ್ದು 1815ರಲ್ಲಿ. 1817ರಲ್ಲಿ ಬೀಥೋವನ್ ತನ್ನ ಸಿಂಫನಿಗಳಿಗೆ ವೇಗದ ಅಂಕಿಗಳನ್ನು ಪ್ರಕಟಿಸಿದ. ನಮ್ಮ ಮೇಷ್ಟರಿಗೆ ಅಂಥ ಅಂಕಿಗಳ ಗೊಡವೆಯಿರಲಿಲ್ಲ. ವಿಳಂಬ, ಮಧ್ಯ, ದ್ರುತಗಳನ್ನು ಅವರು ಕೈಯಿಂದಲೇ ಕಲಿಸುತ್ತಿದ್ದರು. ಕಣ್ಣು ಮುಚ್ಚಿಕೊಂಡೆ. ಕೊಡಿಕಂಬದ ಬಳಿ ನಿಂತು ತೊಡೆಯ ಮೇಲೆ ತಾಳ ಹಾಕುವ ಅವರು, ಬರಿಗಾಲಿನಲ್ಲಿ ಸಾಲುಗೂಡುವ ನೀವು ಕಂಡಿರಿ. ಮೇಜನ್ನು ತಟ್ಟುತ್ತಾ ಗಡಿಯಾರ ನೋಡಿದೆ: 15 ಸೆಕೆಂಡುಗಳಿಗೆ 18 ಪೆಟ್ಟು. ಅಂದರೆ ನಿಮಿಷಕ್ಕೆ 72.

ಹಳೆಯ ಮೆಟ್ರೊನೋಮಿನ ಫಲಕದಲ್ಲಿ 72ನ್ನು ಆಂದಾಂತೆ ಎನ್ನುವುದಿಲ್ಲ, ಅದಕ್ಕಿಂತ ನಿಧಾನವಾದ ಅದಾಜಿಯೊ ಎನ್ನುತ್ತಾರೆ. ಆದರೂ ಪದವನ್ನು ಬದಲಿಸಲಿಲ್ಲ. ಅದು ನಮ್ಮ ಮಕ್ಕಳ ನಡಿಗೆಯೇ ಆಗಿತ್ತು. ಪದದ ಮುಂದೆ ಕಂಸದಲ್ಲಿ 72 ಸೇರಿಸಿದೆ. ಕೊನೆಯ ಸಾಲನ್ನು ಮೇಷ್ಟರು ಎಳೆದು ನಿಲ್ಲಿಸುತ್ತಿದ್ದುದು ನೆನಪಾಗಿ, ಅಲ್ಲಿ ನಿಧಾನವಾಗಬೇಕೆಂಬ ಗುರುತನ್ನೂ ಇಟ್ಟೆ. 2022ರಲ್ಲಿ ಬಂದ 4ನೆಯ ಆವೃತ್ತಿಯಿಂದ ಮ್ಯೂಸ್‌ಸ್ಕೋರ್ ಅದನ್ನೂ ಪಾಲಿಸಿ ನುಡಿಸುತ್ತದೆ.

ಎರಡನೆಯ ಧ್ವನಿಮುದ್ರಣ ಮೊನ್ನೆ ಬಂದಿತು. ಕೇಳುತ್ತಿದ್ದಂತೆ ನನ್ನ ಮಡದಿ ಅಡುಗೆಮನೆಯಿಂದ ಬಂದು ಸುಮ್ಮನೆ ನಿಂತಳು.

ಆದರೂ 72 ಎಂಬುದು ಒಬ್ಬ ಮುದುಕನ ನೆನಪಷ್ಟೇ. ನೀವೂ ಒಮ್ಮೆ ಆ ಗೀತೆಯನ್ನು ಮನಸ್ಸಿನಲ್ಲೇ ಹಾಡಿಕೊಂಡು ಮೇಜು ತಟ್ಟಿ ನೋಡಿ. ಎಣಿಕೆ ಬೇರೆಯಾದರೆ ನನಗೆ ಬರೆಯಿರಿ, ತಿದ್ದಿಕೊಳ್ಳುತ್ತೇನೆ.