ಕ್ರೂಸರೋ, ರೂಮೋ?



ಈ ಸಲ ಹೋರಾಟದ ಪೋಸ್ಟ್ ಅಲ್ಲ, ಟೂರಿನ ಪೋಸ್ಟು. ಸ್ವಲ್ಪ ಉದ್ದ ಆಗೈತಿ, ಪುರುಸೊತ್ತು ಇದ್ದವರು ಓದ್ರಿ.

ಒಂಬತ್ತನೇ ಕ್ಲಾಸ್ ಮುಗಿಸಿದ ಮಗಳದು ಎರಡು ವರ್ಷದಿಂದ ಒಂದೇ ಹಟ, ಬಿಡದಿಯ ವಂಡರ್‌ಲಾ ನೋಡಬೇಕು. ನಮ್ಮ ಬಾಡಗಂಡಿಯವರಿಗೆ ಆಲಮಟ್ಟಿಯ ರಾಕ್ ಗಾರ್ಡನ್ ಆದರೆ ಸುಲಭ. ಬುತ್ತಿ ಕಟ್ಟಿಕೊಂಡು ಹೋಗಿ, ಸಂಗೀತ ಕಾರಂಜಿ ನೋಡಿ ರಾತ್ರಿ ಮನಿಗೆ ಬರಬಹುದು. ಬಿಡದಿ ಅಂದರೆ ಬೆಂಗಳೂರನ್ನೂ ದಾಟಿ ಮೈಸೂರು ರಸ್ತೆ. ಒಂದು ರಾತ್ರಿ ಎಲ್ಲಾದರೂ ಮಲಗಲೇಬೇಕು. ಅವ್ವ, ಅಣ್ಣ, ಅತ್ತಿಗಿ, ಅವರ ಮೂರು ಮಕ್ಕಳು, ತಂಗಿ, ಆಕೆಯ ಮಗ, ನಾವು ಮೂವರು. ಹನ್ನೊಂದು ಮಂದಿ.

ನಾನು ವಿಚಾರ ಮಾಡದೇ ಅಂದೆ, "ಕ್ರೂಸರ್ ಮಾಡೋಣ."

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮದುವೆ, ಜಾತ್ರಿ, ಸಮಾವೇಶ, ಎಲ್ಲದಕ್ಕೂ ಕ್ರೂಸರ್. ಸೀಟಿನ ಕೆಳಗೆ ಸಣ್ಣ ಸಿಲಿಂಡರ್, ಮ್ಯಾಲಿನ ಕ್ಯಾರಿಯರಿಗೆ ಕೌದಿ, ಚಾಪಿ, ನೀರಿನ ಕ್ಯಾನು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟಿನಲ್ಲಿ ಇರತಾವು, ದಾರಿಯಲ್ಲಿ ಗಿಡದ ನೆರಳು ಕಂಡರೆ ಝುಣಕ ಮಾಡೋದು. ರಾತ್ರಿ ಪೆಟ್ರೋಲ್ ಬಂಕಿನ ಬಯಲಲ್ಲಿ ಹೆಂಗಸರು ಗಾಡಿಯೊಳಗೆ, ಗಂಡಸರು ಹೊರಗೆ.

ಮಗಳು ಮೊಬೈಲ್ ತೆಗೆದು ಅಮೆರಿಕದ ಒಂದು ವಿಡಿಯೋ ತೋರಿಸಿದಳು. ಒಳಗೇ ಮಂಚ, ಒಲಿ, ಪಾಯಖಾನೆ ಇರೋ ಗಾಡಿ. ಆರ್‌ವಿ ಅಂತಾರಂತೆ. ಫ್ಲೋರಿಡಾದ ಡಿಸ್ನಿ ವರ್ಲ್ಡ್ ಶುರುವಾದ 1971ರಲ್ಲೇ ಅಂಥ ಗಾಡಿಗಳು ನಿಲ್ಲಲು ಒಳಗೇ ಒಂದು ಕಾಡಿನಂಥ ಜಾಗ ಮಾಡಿದ್ದರು. "ಅಪ್ಪಾ, ಅವರು ಮಜಾಕ್ಕ ಗಾಡ್ಯಾಗ ಮಲಗತಾರ. ನಾವ್ಯಾಕ ಯಾವಾಗಲೂ ಗಾಡ್ಯಾಗ ಮಲಗತೀವಿ?"

"ರೊಕ್ಕ ಉಳೀತಾವು" ಅಂದೆ.

ಆಕೆ ನೋಟ್‌ಬುಕ್ ತಂದಳು. ಕ್ರೂಸರ್ ಕಿಲೋಮೀಟರಿಗೆ 16 ರೂಪಾಯಿ, ಹೋಗಿ ಬರಲು ಹೆಚ್ಚೂಕಡಿಮಿ 1,100 ಕಿಲೋಮೀಟರ್: 17,600. ಡ್ರೈವರ್ ಭತ್ತೆ 1,500. ಒಟ್ಟು 19,100, ಟೋಲ್ ಬೇರೆ. ಇನ್ನೊಂದು ಕಡೆ ಕೆಂಪು ಬಸ್ಸು. ಹೆಂಗಸರು ಆರು ಮಂದಿ, ಶಕ್ತಿ ಯೋಜನೆ ಬಂದ 2023ರಿಂದ ಅವರಿಗೆ ಟಿಕೀಟಿಲ್ಲ. ಗಂಡಸರು ಐದು ಮಂದಿಗೆ ಹೋಗಿ ಬರಲು ಸುಮಾರು 6,500. ಒಂದು ರಾತ್ರಿಗೆ ಮೂರು ರೂಮು 6,600. ಊಟ, ಸಿಟಿ ಬಸ್ಸು ಅಂತ 4,000. ಒಟ್ಟು 17,100. ಪಾರ್ಕಿನ ಟಿಕೀಟು ಎರಡೂ ಕಡೆ ಅಷ್ಟೇ.

ಎರಡು ಸಾವಿರ ರೂಪಾಯಿಯಿಂದ ರೂಮು ಗೆದ್ದಿತ್ತು. ಆದರೂ ನಾನು ಕ್ರೂಸರ್ ಅಂದೆ. ದನಿ ಸ್ವಲ್ಪ ಏರಿತ್ತು. ಮಗಳು ನೋಟ್‌ಬುಕ್ ಮುಚ್ಚಿ ಎದ್ದು ಹೋದಳು.

ಆಕೆಗೆ ನೆನಪಿಲ್ಲದ್ದು ನನಗೆ ನೆನಪಿತ್ತು. ಆಕೆ ಎರಡು ವರ್ಷದ ಕೂಸಿದ್ದಾಗ ದಕ್ಷಿಣದ ಒಂದು ಊರಿಗೆ ಸಮಾವೇಶಕ್ಕೆ ಹೋಗಿದ್ದೆವು. ರಾತ್ರಿ ಹತ್ತಾಗಿತ್ತು. ಲಾಡ್ಜಿನವನು ರೂಮಿದೆ ಅಂದ. ಹೆಸರು, ಊರು ಕೇಳಿದ. ನನ್ನ ಅಂಗಿಯ ಮೇಲಿನ ಬಾಬಾಸಾಹೇಬರ ಬ್ಯಾಡ್ಜ್ ನೋಡಿದ. "ಯಾವ ಜನ ನೀವು?" ಹೇಳಿದೆ. ಒಳಗೆ ಹೋಗಿ ಬಂದು, "ಸಾರಿ, ಆ ರೂಮು ಬುಕ್ ಆಗಿದೆ" ಅಂದ. ಅವನ ಬೆನ್ನ ಹಿಂದೆ ಗೋಡೆಗೆ ಕೀಲಿಕೈ ಸಾಲಾಗಿ ತೂಗುತ್ತಿದ್ದವು. ಆ ರಾತ್ರಿ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂಸಿಗೆ ನನ್ನ ಹೆಂಡತಿಯ ಸೀರೆಯ ಸೆರಗೇ ಹೊದಿಕೆ.

ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಜಾಗ ಎಲ್ಲಾ ಒಟ್ಟಿಗೆ ಬರೆದದ್ದೈತಿ. 1955ರ ಕಾಯ್ದೆಯೂ ಐತಿ. ಮಂದಿಗೆ ನಾನೇ ದೂರು ಬರೆದು ಕೊಡುತ್ತೇನೆ. ನನ್ನ ದೂರು ಮಾತ್ರ ನಾನು ಬರೆಯಲಿಲ್ಲ. ಅದರ ಬದಲು ಅವತ್ತಿನಿಂದ ಕ್ರೂಸರ್ ಮಾಡಿದೆ. ಇದನ್ನ ಈವರೆಗೆ ಎಲ್ಲೂ ಹೇಳಿದ್ದಿಲ್ಲ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಎರಡೂ ಬರೆದಿದ್ದಾರೆ, ಗಾಡಿಯದೂ, ರೂಮಿನದೂ. 1901ರಲ್ಲಿ ಅಪ್ಪನನ್ನು ನೋಡಲು ಕೋರೆಗಾಂವಕ್ಕೆ ಹೊರಟ ಹುಡುಗರಿಗೆ ಮಸೂರ್ ಸ್ಟೇಶನ್ನಿನಲ್ಲಿ ಬಂಡಿ ಸಿಗಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಬಂಡಿ ತಾವೇ ಹೊಡೆಯಬೇಕಾಯಿತು. ಬುತ್ತಿ ಇತ್ತು, ನೀರು ಕೊಡುವವರಿರಲಿಲ್ಲ. ಮುಂದೆ ಕೊಲಂಬಿಯಾದಲ್ಲಿ ಓದಿ ಬರೋಡಾಕ್ಕೆ ನೌಕರಿಗೆ ಹೋದಾಗ ಪಾರ್ಸಿ ವಸತಿಗೃಹದ ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸಿದರು. ಹನ್ನೊಂದನೇ ದಿನ ಬಡಿಗೆ ಹಿಡಿದ ಗುಂಪು ಬಂತು. ರೂಮು ಬಿಟ್ಟು, ರಾತ್ರಿ ರೈಲಿನ ತನಕ ಅವರು ಕುಂತದ್ದು ಊರಿನ ಒಂದು ಪಾರ್ಕಿನಲ್ಲಿ. ಅಮೆರಿಕದ ಕರಿಯರೂ ಹೀಗೇ ಕಾರಿನಲ್ಲಿ ಬುತ್ತಿ, ಹೊದಿಕೆ ಇಟ್ಟುಕೊಂಡು ತಿರುಗಿದವರು. ಎಲ್ಲಿ ರೂಮು ಕೊಡುತ್ತಾರೆ ಅಂತ ತಿಳಿಸಲು ವಿಕ್ಟರ್ ಗ್ರೀನ್ ಅನ್ನೋ ಪೋಸ್ಟ್‌ಮನ್ 1936ರಿಂದ ಒಂದು ಪುಸ್ತಕವನ್ನೇ ತರುತ್ತಿದ್ದ.

ಇದನ್ನೆಲ್ಲ ಮಗಳಿಗೆ ಹೇಳಿದೆ, ಬಸ್ ಸ್ಟ್ಯಾಂಡಿನ ರಾತ್ರಿಯನ್ನೂ. ಸುಮ್ಮನೆ ಕೇಳಿದಳು. "ಹಂಗಾರ ರೂಮ ಮಾಡೋಣು" ಅಂದಳು, ಅಷ್ಟೇ.

ಅವ್ವನದು ಬೇರೆಯೇ ತಕರಾರು. "ಗಾಡ್ಯಾಗ ಹೋದ್ರ ಏನಾಗತೈತಿ? ಎಲ್ಲಮ್ಮನ ಗುಡ್ಡಕ್ಕ ಚಕ್ಕಡಿ ಕಟಗೊಂಡು ಹೋಗತಿದ್ವಿ, ಚಕ್ಕಡಿ ಬುಡಕ ಮಲಗತಿದ್ವಿ. ಎಂಥಾ ಬೆಳದಿಂಗಳ ಇರತಿತ್ತು!" ಗುಡ್ಡದ ಬಗ್ಗೆ, ದೇವದಾಸಿ ಪದ್ಧತಿ ಬಗ್ಗೆ ನನ್ನ ಜಗಳ ನಿಮಗೆ ಗೊತ್ತು. ಆದರೆ ಅವ್ವನ ಬೆಳದಿಂಗಳನ್ನ ಸುಳ್ಳು ಅನ್ನಲು ನಾನ್ಯಾರು? ಬಯಲಲ್ಲಿ ಬೆಂದ ಝುಣಕದ ರುಚಿ ನನಗೂ ಗೊತ್ತು. ಅದು ಬರೀ ಅಂಜಿಕೆಯ ಊಟ ಆಗಿರಲಿಲ್ಲ.

ಮೇ ತಿಂಗಳಲ್ಲಿ ಬಸ್ಸಿಗೇ ಹೋದೆವು. ಬಿಡದಿಗೆ ಬೆಳಿಗ್ಗೆ ಮುಟ್ಟಿದಾಗ ಎಲ್ಲರ ಮುಖಕ್ಕೂ ಧೂಳು. ರಿಸೆಪ್ಶನ್ನಿನ ಹುಡುಗ ಆಧಾರ್ ಕೇಳಿ, ರಿಜಿಸ್ಟರ್ ನನ್ನ ಕಡೆ ಸರಿಸಿದ. ಮಗಳು ಪೆನ್ನು ಇಸಗೊಂಡು ಅಡ್ಡಹೆಸರು ಸಮೇತ ನನ್ನ ಹೆಸರು ದುಂಡಗೆ ಬರೆದಳು. ಆತ ಓದಿ ತಲೆ ಎತ್ತಿದ. "ಬಾಡಗಂಡಿ..." ಅಂದ. ನನ್ನ ಅಂಗೈ ಬೆವರಿತು.

"ಎಲ್ಲಿ ಬರುತ್ತೆ ಇದು?"

"ಬೀಳಗಿ ತಾಲೂಕ್ರಿ, ಬಾಗಲಕೋಟಿ ಜಿಲ್ಲಾ."

ಮೂರು ಕೀಲಿ ಕೊಟ್ಟ. ಬಿಸಿನೀರು ಒಂಬತ್ತರ ತನಕ ಮಾತ್ರ ಅಂದ. ಹದಿಮೂರು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ಅರ್ಧ ನಿಮಿಷದಲ್ಲಿ ಮುಗಿಯಿತು. ಎಲ್ಲಾ ಕಡೆ ಹೀಗೇ ಅಂತ ಬರೆಯೋದಿಲ್ಲ. ಬಾಡಿಗೆ ಮನಿ ಹುಡುಕುವ ನಮ್ಮ ಹುಡುಗರು ಇವತ್ತಿಗೂ ಫೋನ್ ಮಾಡತಾರ.

ಪಾರ್ಕಿನಲ್ಲಿ ತೆರೆ ಏಳೋ ದೊಡ್ಡ ಕೊಳ ಐತಿ. ನೂರಾರು ಮಂದಿ, ಯಾರು ಯಾರೋ, ಒಂದೇ ನೀರಿನಲ್ಲಿ ಬಿದ್ದು ಏಳತಿದ್ದರು. ಸೀರಿ ಉಟ್ಟವರನ್ನ ಇಳಿಸೋದಿಲ್ಲ, ಹಂಗಾಗಿ ಅವ್ವ ದೂರ ನೆರಳಿಗೆ ಕುಂತು ನೋಡಿದಳು. ಮಹಾಡದ ಕೆರೆಯ ಕಥಿ ಆಕೆಗೆ ನಾನೇ ಎಷ್ಟೋ ಸಲ ಹೇಳಿದ್ದೆ. "ಇವರೆಲ್ಲಾ ಒಬ್ಬರನ್ನೊಬ್ಬರು ಏನೂ ಕೇಳೂದಿಲ್ಲೇನೋ?" ಅಂದಳು. "ಟಿಕೀಟ ಅಷ್ಟ ಕೇಳತಾರ ಅವ್ವಾ" ಅಂದೆ.

ರಾತ್ರಿ ಆಕೆ ಗಾದಿಯ ಮೇಲೆ ಮಲಗಲಿಲ್ಲ, ಭಾಳ ಮೆತ್ತಗಂತೆ. ಕೌದಿ ಕೆಳಗೆ ಹಾಸಿಕೊಂಡಳು. ಮೊಮ್ಮಕ್ಕಳೂ ಮಂಚ ಬಿಟ್ಟು ಒಬ್ಬೊಬ್ಬರಾಗಿ ಅಲ್ಲೇ ಬಂದು ಬಿದ್ದುಕೊಂಡವು. ಹೋಟೆಲ್ ಬಾಡಿಗೆ ದಂಡ ಅಂತ ಅಣ್ಣ ಇನ್ನೂ ಬೈಯತಾನ.

ಅಂದಹಾಗ, ಹೋಗೋರು ನೈಲಾನ್ ಬಟ್ಟಿ ಊರಿಂದನ ಒಯ್ರಿ, ಇಲ್ಲಂದ್ರ ನೀರಾಗ ಬಿಡೋದಿಲ್ಲ.

ಜೈಭೀಮ್.