ಸಣ್ಣ ಗಾಯದ ಲೆಕ್ಕ

ಚಿಕ್ಕರಸಿನಕೆರೆಯಲ್ಲಿ ನಮ್ಮದು ಬೆಲ್ಲದ ವ್ಯಾಪಾರ. 2005ರಲ್ಲಿ ನನ್ನ ಅಣ್ಣನವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆಯಾದಾಗ ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಹೃದಯವನ್ನು ನಿಲ್ಲಿಸಿ, ಅದರ ಕೆಲಸವನ್ನು ಯಂತ್ರಕ್ಕೆ ವಹಿಸಲಾಗಿತ್ತು. ಮೂಳೆ ಕೂಡಿಕೊಳ್ಳುವವರೆಗೆ, ಸುಮಾರು ಮೂರು ತಿಂಗಳು, ಅವರು ತಕ್ಕಡಿಯ ಕಲ್ಲನ್ನೂ ಎತ್ತಲಿಲ್ಲ. ಆದ್ದರಿಂದ 2022ರಲ್ಲಿ ನನ್ನ ಸರದಿ ಬಂದು, ಬೆಂಗಳೂರಿನ ವೈದ್ಯರು ‘ನಿಮಗೆ ಸಣ್ಣ ಗಾಯದಿಂದಲೇ ಮಾಡಬಹುದು’ ಎಂದಾಗ ನನಗಾದ ಸಮಾಧಾನವನ್ನು ವಾಚಕರು ಊಹಿಸಬಲ್ಲರು.

ಎಡ ಎದೆಯ ಪಕ್ಕೆಲುಬುಗಳ ನಡುವೆ ಮೂರು ಅಂಗುಲದಷ್ಟು ಕೊಯ್ದು, ಎದೆಗೂಡಿನ ಒಳಗೋಡೆಯ ಅಪಧಮನಿಯೊಂದನ್ನು ಬಿಡಿಸಿ, ಮುಚ್ಚಿದ ನಾಳಕ್ಕೆ ತಡೆಯಿರುವ ಸ್ಥಳದಿಂದ ಮುಂದೆ ಹೊಲಿಯುತ್ತಾರೆ. ಹೃದಯ ಮಿಡಿಯುತ್ತಲೇ ಇರುತ್ತದೆ. ಹೊಲಿಗೆಯ ಜಾಗವನ್ನು ಮಾತ್ರ ಸಲಕರಣೆಯೊಂದು ಅಲುಗದಂತೆ ಹಿಡಿದಿರುತ್ತದೆ. ಪಕ್ಕೆಲುಬುಗಳ ಮಾರ್ಗ ಹೊಸದೇನಲ್ಲ, 1964ರಲ್ಲಿಯೇ ಲೆನಿನ್‌ಗ್ರಾಡಿನ ಕೋಲೆಸೊವ್ ಹಾಗೆ ಮಾಡಿದ್ದರು. ನಮ್ಮ ಬೆಂಗಳೂರಿನ ವಿವೇಕ್ ಜವಳಿ, ಮುರಳಿ ಚಕ್ರವರ್ತಿಯವರ ತಂಡವಂತೂ ರೋಗಿ ಎಚ್ಚರವಾಗಿರುವಾಗಲೇ, ಬೆನ್ನಿನ ಮೂಲಕ ಅರಿವಳಿಕೆಯಿತ್ತು ಯಂತ್ರವಿಲ್ಲದೆ ಬೈಪಾಸ್ ನಡೆಸಿ, 2003ರಲ್ಲಿ ಅದನ್ನು ವರದಿ ಮಾಡಿತು. ಆದರೆ ಸಣ್ಣ ಗಾಯ ಎಲ್ಲರಿಗೂ ಒಗ್ಗದು. ನನಗೆ ಮುಂಭಾಗದ ಒಂದೇ ನಾಳ ಕೆಟ್ಟಿತ್ತು, ಅಣ್ಣನವರಿಗೆ ಮೂರು.

ಕೊನೆಗೆ, ರಕ್ತ ಹೆಪ್ಪುಗಟ್ಟದಿರಲು ಕೊಡುವ ಔಷಧವನ್ನು ವಿಚಾರಿಸಿದೆ. ಹೆಪಾರಿನ್. ಅದನ್ನು ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ. ಯಂತ್ರವಿಲ್ಲದ ಮೇಲೆ ಅದೂ ಬೇಡವಾದೀತೆಂದು ಎಣಿಸಿದ್ದೆ. ‘ಪ್ರಮಾಣ ಕಡಿಮೆಯಾಗುತ್ತದೆ ಯಜಮಾನರೇ, ಬಿಡಲಾಗದು’ ಎಂದರು. ಬದಲಿ ಔಷಧವುಂಟು, ಆದರೆ ಅದರ ಪರಿಣಾಮವನ್ನು ಕೂಡಲೇ ಇಳಿಸುವ ಮದ್ದಿಲ್ಲವಾಗಿ, ಹೆಪಾರಿನ್ ಒಗ್ಗದವರಿಗಷ್ಟೇ ಕೊಡುವರಂತೆ.

ಎರಡು ದಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಕೃತ, ಕಾರಿತ, ಅನುಮೋದಿತವೆಂದು ಹಿಂಸೆಗೆ ಬಾಗಿಲು ಮೂರು. ನಾನು ಕೊಂದಿಲ್ಲ, ಕೊಲ್ಲಿಸಿಲ್ಲ. ತಿಳಿದೂ ತಿಳಿದೂ ಒಪ್ಪುತ್ತಿರುವೆನಲ್ಲ? ವ್ಯಾಪಾರದಲ್ಲಿ ತಪ್ಪದ್ದನ್ನು ಉದ್ಯೋಗೀ ಹಿಂಸೆಯೆಂದು ಬರೆದುಕೊಂಡು ನಲವತ್ತು ವರ್ಷ ದುಡಿದವನಿಗೆ ಇಲ್ಲಿ ಕೈ ನಡುಗಿತು. (ಆಲೆಮನೆಯ ಕುದಿಯುವ ಕೊಪ್ಪರಿಗೆಗೆ ಬೀಳುವ ನೊಣ, ಜೇನುಗಳನ್ನು ನಾನೆಂದೂ ಎಣಿಸಿರಲಿಲ್ಲವೆಂಬುದೂ ಆಗಲೇ ನೆನಪಾಯಿತು.) ಮನೆಯವರು ಏನೂ ಹೇಳದೆ ಪೆನ್ನನ್ನು ಮಂಚದ ಪಕ್ಕದಲ್ಲಿಟ್ಟು ಹೋದರು. ಬದುಕುವ ಆಸೆಗೆ ಸೋತು ಮೂರನೆಯ ದಿನ ಸಹಿ ಮಾಡಿದೆ.

ನಾಲ್ಕನೆಯ ವಾರ ಅಂಗಡಿಯ ಗಾದಿಯಲ್ಲಿ ಕುಳಿತೆ. ಅಣ್ಣನವರು ಗಾಯದ ಗುರುತನ್ನು ನೋಡಿ ‘ಇಷ್ಟೇ ಏನೋ?’ ಎಂದರು. ಸಂಜೆಯ ಪ್ರತಿಕ್ರಮಣದಲ್ಲಿ ಹೆಪಾರಿನ್ನನ್ನು ಹೆಸರಿಟ್ಟು ಹೇಳಿಕೊಳ್ಳುತ್ತೇನೆ. ಆಲೆಮನೆಯ ನೊಣಗಳನ್ನೂ ಈಗ ಸೇರಿಸಿದ್ದೇನೆ.